ಕೊಟ್ಟ ನಾದ, ಹುಡುಕಿದ ನಾದ

ಧ್ವನಿಮುದ್ರಿತ ಸಂಗೀತದ ತುಣುಕೊಂದನ್ನು ಕತ್ತರಿಸಿ, ಅದರ ವೇಗ ಮತ್ತು ಶ್ರುತಿಯನ್ನು ಬದಲಿಸಿ, ಮರಳಿ ಮರಳಿ ನುಡಿಸಿ ಹೊಸ ಹಾಡು ಕಟ್ಟುವ ಕ್ರಮಕ್ಕೆ ಸ್ಯಾಂಪ್ಲಿಂಗ್ ಎಂದು ಹೆಸರು. ಈ ತುಣುಕು ಎರಡು ದಾರಿಗಳಿಂದ ಸಿಗುತ್ತದೆ. ಬೆಂಗಳೂರಿನ ಚಿಕ್ಕಪೇಟೆಯ ಭಾನುವಾರದ ಸಂತೆಯಂಥ ಜಾಗಗಳಲ್ಲಿ ಹಳೆಯ ಗ್ರಾಮಫೋನ್ ತಟ್ಟೆಗಳ ರಾಶಿ ಕೆದಕುವುದು ಒಂದು ದಾರಿ. ತಿಂಗಳ ಚಂದಾ ಕಟ್ಟಿ, ಅಂತರ್ಜಾಲದ ಭಂಡಾರದಿಂದ ಸಿದ್ಧ ತುಣುಕುಗಳನ್ನು ಇಳಿಸಿಕೊಳ್ಳುವುದು ಇನ್ನೊಂದು. ಸಂಗೀತ ನಿರ್ಮಾಪಕರು ಇವೆರಡನ್ನೂ ಹೆಚ್ಚಾಗಿ ಹಣ ಮತ್ತು ಸಮಯದ ಲೆಕ್ಕದಲ್ಲೇ ತೂಗುತ್ತಾರೆ. ಆದರೆ ಆ ಲೆಕ್ಕದ ಕೆಳಗೆ ಹಳೆಯದೊಂದು ಧರ್ಮಜಿಜ್ಞಾಸೆ ಇದೆ: ಇನ್ನೊಬ್ಬರ ಉಸಿರಿನಿಂದ, ಕೈಯಿಂದ ಹುಟ್ಟಿದ ನಾದ ಯಾವಾಗ ನ್ಯಾಯವಾಗಿ ತನ್ನದಾಗುತ್ತದೆ?

ತಟ್ಟೆ ಹುಡುಕುವವರು ತಮ್ಮ ಪರವಾಗಿ ಶ್ರಮವನ್ನು ಮುಂದಿಡುತ್ತಾರೆ. ಧೂಳು ಕುಡಿದು, ನೂರು ತಟ್ಟೆ ಕೇಳಿ, ಒಂದರಲ್ಲಿ ನಾಲ್ಕು ಕ್ಷಣ ಕಂಡುಕೊಂಡವನಿಗೆ ಅದರ ಮೇಲೆ ಹಕ್ಕಿದೆ ಎಂಬುದು ಅವರ ನಂಬಿಕೆ. 1996ರಲ್ಲಿ ಸಂಗೀತ ನಿರ್ಮಾಪಕ ಡಿಜೆ ಶ್ಯಾಡೋ ಬಹುತೇಕ ಇಂಥ ತುಣುಕುಗಳಿಂದಲೇ ಇಡೀ ಆಲ್ಬಮ್ ಕಟ್ಟಿದಾಗ ಈ ನಂಬಿಕೆಗೆ ದೊಡ್ಡ ಬಲ ಬಂತು. ಕಾಯಕವನ್ನು ಎತ್ತಿಹಿಡಿದ ಶರಣರ ನಾಡಿನಲ್ಲಿ ಈ ಮಾತು ಹಿತವಾಗಿ ಕೇಳುತ್ತದೆ. ಆದರೂ ಅದು ಪೂರ್ತಿ ನಿಲ್ಲುವುದಿಲ್ಲ. ಶರಣರ ಕಾಯಕಕ್ಕೆ ದಾಸೋಹದ ಜೋಡಿ ಇತ್ತು. ದುಡಿಮೆ ಸಾರ್ಥಕವಾಗುತ್ತಿದ್ದುದು ಪಡೆದದ್ದು ಮರಳಿ ಹಂಚಿಹೋದಾಗ. 1969ರಲ್ಲಿ ಅಮೆರಿಕದ ದಿ ವಿನ್‌ಸ್ಟನ್ಸ್ ತಂಡ ಚರ್ಚಿನ ಭಕ್ತಿಗೀತೆಯೊಂದರ ಧಾಟಿ ಹಿಡಿದು ‘ಆಮೆನ್, ಬ್ರದರ್’ ಎಂಬ ವಾದ್ಯಸಂಗೀತ ಮುದ್ರಿಸಿತು. ಅದರಲ್ಲಿ ಗ್ರೆಗರಿ ಕೋಲ್‌ಮನ್ ಬಾರಿಸಿದ ಕೆಲವೇ ಸೆಕೆಂಡುಗಳ ಡ್ರಮ್ ಮುಂದೆ ಸಾವಿರಾರು ಹಾಡುಗಳ ಬೆನ್ನೆಲುಬಾಯಿತು. ಕೋಲ್‌ಮನ್‌ಗೆ ಅದರಿಂದ ಏನೂ ಬರಲಿಲ್ಲ. 2006ರಲ್ಲಿ ಅವನು ಬಡತನದಲ್ಲೇ ತೀರಿಕೊಂಡ. ಹುಡುಕಿದವರ ಬೆವರು ಬಾರಿಸಿದವನ ಬೆವರಿಗೆ ಪರಿಹಾರವಾಗಲಿಲ್ಲ. 1991ರಲ್ಲಿ ನ್ಯೂಯಾರ್ಕ್‌ನ ನ್ಯಾಯಾಧೀಶರೊಬ್ಬರು ಗಾಯಕ ಬಿಜ್ ಮಾರ್ಕಿಯ ಸ್ಯಾಂಪಲ್ ಪ್ರಕರಣದಲ್ಲಿ ತೀರ್ಪನ್ನು ಆರಂಭಿಸಿದ್ದು ಕಾನೂನಿನ ಕಲಮಿನಿಂದಲ್ಲ, ಬೈಬಲ್ಲಿನ ಹತ್ತು ಕಟ್ಟಳೆಗಳಲ್ಲಿ ಕಳ್ಳತನವನ್ನು ನಿಷೇಧಿಸುವ ಕಟ್ಟಳೆಯಿಂದ. ಅಲ್ಲಿಂದ ಮುಂದೆ ಅನುಮತಿಯಿಲ್ಲದ ತುಣುಕು ದುಬಾರಿಯಾಯಿತು.

ಚಂದಾ ಭಂಡಾರಗಳು ಬೆಳೆದದ್ದು ಆ ನೆಲದಲ್ಲೇ. 2013ರಲ್ಲಿ ಆರಂಭವಾದ ಸ್ಪ್ಲೈಸ್ ಇವುಗಳಲ್ಲಿ ಹೆಚ್ಚು ಪರಿಚಿತ. ವಾದಕರಿಂದ, ನಿರ್ಮಾಪಕರಿಂದ ತುಣುಕು ಮಾಡಿಸಿ, ಬಳಕೆಯ ಹಕ್ಕನ್ನೂ ಸೇರಿಸಿ ಒದಗಿಸುವುದು ಇವುಗಳ ವ್ಯವಹಾರ; ಇಳಿಸಿಕೊಂಡವನು ಮುಂದೆ ರಾಯಧನ ಕೊಡಬೇಕಿಲ್ಲ. ಇಲ್ಲಿ ನಾದ ಕೊಡಲೆಂದೇ ಹುಟ್ಟಿದ್ದು.

ಜೈನರ ಅಚೌರ್ಯ ವ್ರತದ ಮುಂದೆ ಈ ವ್ಯತ್ಯಾಸ ತುಂಬ ಮುಖ್ಯ. ಉಮಾಸ್ವಾತಿಯ ತತ್ತ್ವಾರ್ಥಸೂತ್ರದ ಪ್ರಕಾರ ಕೊಡದಿರುವುದನ್ನು ತೆಗೆದುಕೊಳ್ಳುವುದೇ ಕಳವು. ವಸ್ತುವಿನ ಬೆಲೆಯಾಗಲಿ, ತೆಗೆದುಕೊಂಡವನ ಶ್ರಮವಾಗಲಿ ಅಲ್ಲಿ ಗಣನೆಗೆ ಬರುವುದಿಲ್ಲ. ಕದ್ದು ತಂದದ್ದನ್ನು ಸ್ವೀಕರಿಸುವುದೂ ವ್ರತಕ್ಕೆ ಅತಿಚಾರ, ಅಂದರೆ ದೋಷ. ಈ ಅಳತೆಗೋಲಿನಲ್ಲಿ ಭಂಡಾರದ ತುಣುಕು ಶುದ್ಧ. ತಟ್ಟೆಯಿಂದ ಕೇಳದೆ ಕತ್ತರಿಸಿದ್ದು ಅಶುದ್ಧ. ಭಂಡಾರಕ್ಕೇ ಯಾರೋ ಅನುಮತಿಯಿಲ್ಲದ ತುಣುಕು ಸೇರಿಸಿದ್ದರೆ ಮಾತ್ರ ಅದನ್ನು ಇಳಿಸಿಕೊಂಡವನಿಗೂ ದೋಷದ ಪಾಲು ಬರುತ್ತದೆ.

ಆದರೆ ಕೊಡುವುದರಲ್ಲೂ ರೀತಿಯಿದೆ. ಇಂದಿನ ಗದಗ ಜಿಲ್ಲೆಯ ಲಕ್ಕುಂಡಿಯಲ್ಲಿ 1007ರಲ್ಲಿ ಬ್ರಹ್ಮಜಿನಾಲಯ ಕಟ್ಟಿಸಿದ ಅತ್ತಿಮಬ್ಬೆ, ಕವಿ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು. ಸಾವಿರವಾದರೂ ಪ್ರತಿಯೊಂದೂ ಪೊನ್ನನ ಕೃತಿಯಾಗಿಯೇ ಉಳಿಯಿತು. ಭಂಡಾರದ ಕಡತದ ಮೇಲೆ ಸಾಮಾನ್ಯವಾಗಿ ವಾದ್ಯ, ವೇಗ, ಶ್ರುತಿ ಬರೆದಿರುತ್ತದೆ; ಬಾರಿಸಿದವರ ಹೆಸರು ಅಪರೂಪ. ಹಳೆಯ ತಟ್ಟೆಯಾದರೋ ಹೆಸರನ್ನು ಹೊತ್ತುಕೊಂಡೇ ಬರುತ್ತದೆ. ಗಂಗೂಬಾಯಿ ಹಾನಗಲ್ ಅವರ ಆರಂಭದ ತಟ್ಟೆಗಳ ಮೇಲೆ ‘ಗಾಂಧಾರಿ ಹುಬ್ಬಳ್ಳಿ’ ಎಂದಿತ್ತು. ಹೆಸರು ಬದಲಾಗಿದ್ದರೂ ಊರು ಉಳಿದಿತ್ತು, ಋಣ ಯಾರದೆಂದು ಹುಡುಕಲು ದಾರಿ ಉಳಿದಿತ್ತು. ಹೀಗೆ ಭಂಡಾರದಲ್ಲಿ ಸಾಲ ತೀರುತ್ತದೆ, ಸಾಲ ಕೊಟ್ಟವರು ಕಾಣುವುದಿಲ್ಲ. ತಟ್ಟೆಯಲ್ಲಿ ಕೊಟ್ಟವರು ಕಾಣುತ್ತಾರೆ, ಸಾಲ ತೀರುವುದಿಲ್ಲ.

ನಾದಕ್ಕೆ ಒಡೆತನವೇ ಇಲ್ಲ ಎಂಬ ವಾದವೂ ಉಂಟು. ಮೀಮಾಂಸಕರಿಗೆ ಶಬ್ದ ನಿತ್ಯ. ಉಚ್ಚಾರಣೆ ಅದನ್ನು ಪ್ರಕಟಿಸುತ್ತದೆ, ಹುಟ್ಟಿಸುವುದಿಲ್ಲ. ನೈಯಾಯಿಕರಿಗೆ ಶಬ್ದ ಅನಿತ್ಯ. ಪ್ರತಿಸಲವೂ ಹುಟ್ಟಿ ಅಳಿಯುತ್ತದೆ. ಮೀಮಾಂಸಕರು ಮಾತನಾಡಿದ್ದು ವೇದದ ವರ್ಣಗಳ ಬಗ್ಗೆ, ಡೋಲಿನ ಪೆಟ್ಟಿನ ಬಗ್ಗೆ ಅಲ್ಲ. ಆದ್ದರಿಂದ ಅವರ ಮಾತನ್ನು ಸ್ಯಾಂಪ್ಲಿಂಗಿಗೆ ಎಳೆದು ತರುವುದು ಸರಿಯಲ್ಲ. ಮುದ್ರಿತ ತುಣುಕಿಗೆ ಒಗ್ಗುವುದು ನ್ಯಾಯದ ನಿಲುವೇ: ಅದು ಒಂದು ದಿನ, ಒಂದು ಕೋಣೆಯಲ್ಲಿ, ಒಬ್ಬರ ದೇಹದಿಂದ ಹುಟ್ಟಿದ ಘಟನೆಯ ಗುರುತು. ರಾಗ ಎಲ್ಲರದು, ಆ ದಿನದ ಆ ಸ್ವರ ಎಲ್ಲರದಲ್ಲ.

ತಟ್ಟೆಯ ಪರವಾಗಿ ನಿಜವಾದ ಬಲ ಇರುವುದು ಶ್ರಮದಲ್ಲಲ್ಲ, ಶ್ರವಣದಲ್ಲಿ. ವೇದಾಂತ ಶ್ರವಣ, ಮನನ, ನಿದಿಧ್ಯಾಸನಗಳಲ್ಲಿ ಶ್ರವಣವನ್ನು ಮೊದಲಿಡುತ್ತದೆ. ಭಂಡಾರದಲ್ಲಿ ಹುಡುಕುವವನು ವೇಗ, ಶ್ರುತಿ, ವಾದ್ಯವನ್ನು ಮೊದಲೇ ನಮೂದಿಸುತ್ತಾನೆ; ಬೇಕೆಂದು ಗೊತ್ತಿದ್ದದ್ದೇ ಸಿಗುತ್ತದೆ. ತಟ್ಟೆಯನ್ನು ಮಾತ್ರ ಅದರ ಕ್ರಮದಲ್ಲೇ ಕೇಳಬೇಕು. ನಿಮಿಷಕ್ಕೆ 78 ಸುತ್ತು ತಿರುಗುವ ಅರಗಿನ ತಟ್ಟೆಯ ಒಂದು ಬದಿಗೆ ಸುಮಾರು ಮೂರು ನಿಮಿಷ. ಅಷ್ಟು ಹೊತ್ತು ಕೇಳುಗ ಹಾಡಿದವರ ಅಧೀನ. ಗದಗದ ಬಾಲಕ ಭೀಮಸೇನ ಜೋಶಿ ಅಂಗಡಿಯೊಂದರಲ್ಲಿ ಅಬ್ದುಲ್ ಕರೀಂ ಖಾನರ ಝಿಂಝೋಟಿ ಠುಮ್ರಿಯ ತಟ್ಟೆ ಕೇಳಿದ್ದು ಪ್ರಸಿದ್ಧ ಸಂಗತಿ. ಅವರು ಅದನ್ನು ಹುಡುಕಿ ಹೋಗಿರಲಿಲ್ಲ. ಅದೇ ಅವರನ್ನು ಹಿಡಿಯಿತು. 1933ರಲ್ಲಿ, ಹನ್ನೊಂದರ ಹರೆಯದಲ್ಲಿ ಮನೆ ಬಿಟ್ಟು, ಉತ್ತರ ಭಾರತ ಅಲೆದು ಮರಳಿ, ಕಡೆಗೆ ಕುಂದಗೋಳದಲ್ಲಿ ಅದೇ ಖಾನರ ಶಿಷ್ಯ ಸವಾಯಿ ಗಂಧರ್ವರ ಬಳಿ ಕಲಿತರು. ತಟ್ಟೆ ಗುರುವಾಗಲಿಲ್ಲ, ಗುರುವಿನ ಮನೆಯ ಬಾಗಿಲವರೆಗೆ ಕರೆದೊಯ್ದಿತು. ತುಣುಕನ್ನು ಕಚ್ಚಾ ಸಾಮಗ್ರಿಯೆಂದಷ್ಟೇ ನೋಡುವ ಕಿವಿಗೆ ಈ ದಾರಿ ತೆರೆಯುವುದಿಲ್ಲ. ಭಂಡಾರದ ತುಣುಕನ್ನೂ ಹೀಗೆ ತಾಳ್ಮೆಯಿಂದ ಕೇಳಬಹುದು, ನಿಜ. ಆದರೆ ಆ ವ್ಯವಸ್ಥೆ ಅದಕ್ಕೆ ಅವಸರವಿಲ್ಲದ ಜಾಗ ಬಿಟ್ಟಿಲ್ಲ.

ಎರಡೂ ದಾರಿಗಳಿಗೆ ಉತ್ತರ ಹೊಳೆಯದ ನಾದವೊಂದಿದೆ. ಗದಗ ಜಿಲ್ಲೆಯ ಜಕ್ಕಲಿ, ನರೇಗಲ್ಲ, ರೋಣ ಸೀಮೆಯ ಊರುಗಳಲ್ಲಿ ಭಜನೆಯ ತಾಳ, ದಮ್ಮಡಿ, ಕರಡಿ ಮಜಲು ವಾದ್ಯಮೇಳ, ವೀರಭದ್ರನ ವೇಷಧಾರಿ ಭಕ್ತರಾದ ಪುರವಂತರು ಅಬ್ಬರದಿಂದ ಹೇಳುವ ಒಡಪು, ಇವೆಲ್ಲ ದೇವರ ಸೇವೆಯಾಗಿ ಹುಟ್ಟಿದ ಧ್ವನಿಗಳು. ಜಾತ್ರೆಯಲ್ಲಿ ಮೊಬೈಲಿನಿಂದ ಮುದ್ರಿಸಿದ ಒಡಪಿನ ಅಬ್ಬರ ನೃತ್ಯಗೀತೆಯೊಂದರ ನಡುವೆ ಬಂದರೆ ಅದು ಅಪಚಾರವೇ? ಪವಿತ್ರತೆ ಧ್ವನಿಗೇ ಅಂಟಿದ್ದೆಂದರೆ ಅಪಚಾರ. ಹರಕೆ, ವೇಷ, ನಿಷ್ಠೆಗಳೊಡನೆ ಸೇರಿದಾಗ ಮಾತ್ರ ಪವಿತ್ರವೆಂದರೆ, ಕತ್ತರಿಸಿದ ತುಣುಕಿನಲ್ಲಿ ಕೆಡಲು ಏನೂ ಉಳಿದಿಲ್ಲ. ಎರಡನೆಯ ಮಾತು ತರ್ಕಕ್ಕೆ ಒಪ್ಪುತ್ತದೆ. ಪುರವಂತರ ಮನಸ್ಸಿಗೆ ಒಪ್ಪದು, ಮತ್ತು ಇಲ್ಲಿ ಅವರ ಮಾತಿಗೇ ಹೆಚ್ಚು ತೂಕ ಸಲ್ಲಬೇಕು. ಧ್ವನಿ ದೇವರಿಗೆ ಕೊಟ್ಟದ್ದು, ಮುದ್ರಿಸಿದವನಿಗೆ ಕೊಟ್ಟದ್ದಲ್ಲ.

ಕಾನೂನೂ ಇಲ್ಲಿ ಪೂರ್ತಿ ನೆರವಾಗದು. ಭಾರತದ 1957ರ ಕೃತಿಸ್ವಾಮ್ಯ ಕಾಯಿದೆ ಧ್ವನಿಮುದ್ರಣಕ್ಕೆ ಪ್ರಕಟಣೆಯ ನಂತರ 60 ವರ್ಷ ರಕ್ಷಣೆ ಕೊಡುತ್ತದೆ. ಆ ಅವಧಿ ಮುಗಿದ ಹಳೆಯ ತಟ್ಟೆಗಳ ಮುದ್ರಣದ ಹಕ್ಕು ಸಾರ್ವಜನಿಕ. ಪ್ರದರ್ಶಕರ ಹಕ್ಕನ್ನೂ ಕಾಯಿದೆ ಗುರುತಿಸುತ್ತದೆ, ಆದರೆ ಅದು ಹಾಡಿದ ವ್ಯಕ್ತಿಯದು. ತಲೆಮಾರುಗಳಿಂದ ಒಡಪನ್ನು ಕಾಪಾಡಿದ ಊರಿಗೆ, ಮೇಳಕ್ಕೆ ಅದರಲ್ಲಿ ಸ್ಥಾನವಿಲ್ಲ. ಅವರ ಬಳಿ ಹೋಗಿ, ಬಳಕೆ ಎಲ್ಲಿ ಹೇಗೆಂದು ತಿಳಿಸಿ, ಒಪ್ಪಿಗೆ ಕೇಳಿ, ಮೇಳದ ಮತ್ತು ಊರಿನ ಹೆಸರನ್ನು ಕಡತದಲ್ಲೇ ಬರೆದು, ಗಳಿಕೆಯಲ್ಲಿ ಪಾಲು ಕೊಡುವ ಹೊಣೆ ಸದ್ಯಕ್ಕೆ ಮುದ್ರಿಸುವವನದೇ. ಒಪ್ಪಿಗೆ ಸಿಗದಿದ್ದರೆ ಆ ಧ್ವನಿಯನ್ನು ಬಿಟ್ಟುಬಿಡುವ ಹೊಣೆಯೂ ಅವನದೇ.