ಗಟ್ಟಿ ಎನ್ನುವ ಒಂದೇ ಮಾತು

ಫೋನ್ ಕೊಳ್ಳಲು ಹೋದವರು ಅದರ ಪರದೆಯ ಬಗ್ಗೆ ಕೇಳುವ ಪ್ರಶ್ನೆಗಳು ಸಾಮಾನ್ಯವಾಗಿ ಎರಡು. ಗೀರು ಬೀಳುತ್ತದೆಯೇ? ಕೈತಪ್ಪಿ ಬಿದ್ದರೆ ಒಡೆಯುತ್ತದೆಯೇ? ಅಂಗಡಿಯವರು ಎರಡಕ್ಕೂ ಕೊಡುವ ಉತ್ತರ ಒಂದೇ: ‘ಇಲ್ಲ ಸರ್, ಗ್ಲಾಸ್ ಗಟ್ಟಿ ಇದೆ.’ ಅವರನ್ನು ದೂರುವಂತಿಲ್ಲ. ಕನ್ನಡದ ‘ಗಟ್ಟಿ’ ಎನ್ನುವ ಮಾತೇ ಅಷ್ಟು ಅಗಲವಾದದ್ದು. ಕಲ್ಲು ಗಟ್ಟಿ, ಹಗ್ಗ ಗಟ್ಟಿ, ಮೊಸರು ಗಟ್ಟಿ, ದನಿ ಗಟ್ಟಿ, ಮನಸ್ಸೂ ಗಟ್ಟಿ. ಆದರೆ ಗಾಜು ತಯಾರಿಸುವವರಿಗೆ ಆ ಎರಡು ಪ್ರಶ್ನೆಗಳು ಎರಡು ಬೇರೆ ಸಮಸ್ಯೆಗಳು. ಒಂದನ್ನು ಬಗೆಹರಿಸಲು ಹೊರಟರೆ ಎಷ್ಟೋ ಸಲ ಇನ್ನೊಂದು ಕೈಕೊಡುತ್ತದೆ. ಇದು ತಿಳಿದಾಗಿನಿಂದ ‘ಅವರು ಬಹಳ ಗಟ್ಟಿ ಮನುಷ್ಯ’ ಎಂದು ಯಾರಾದರೂ ಹೇಳಿದರೆ ನನಗೊಂದು ಅನುಮಾನ ಏಳುತ್ತದೆ. ಯಾವ ಅರ್ಥದಲ್ಲಿ ಗಟ್ಟಿ? ಗೀರು ಬೀಳದವರೋ, ಒಡೆಯದವರೋ?

ಮೊದಲು ವಸ್ತುಗಳ ವಿಚಾರವನ್ನೇ ನೋಡೋಣ. 1812ರಲ್ಲಿ ಜರ್ಮನಿಯ ಖನಿಜಶಾಸ್ತ್ರಜ್ಞ ಫ್ರೆಡ್ರಿಕ್ ಮೋಸ್ ಒಂದು ಸರಳ ಅಳತೆಗೋಲನ್ನು ಮಾಡಿದ. ಯಾವ ಖನಿಜ ಯಾವುದನ್ನು ಗೀರಬಲ್ಲದು ಎಂಬುದಷ್ಟೇ ಅದರ ಪರೀಕ್ಷೆ. ಉಗುರಿಗೂ ಸೋಲುವ ಟಾಲ್ಕ್‌ಗೆ 1, ಯಾವುದಕ್ಕೂ ಸೋಲದ ವಜ್ರಕ್ಕೆ 10. ಫೋನಿನ ಗಾಜು ಸುಮಾರು 6ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಮರಳಿನಲ್ಲಿರುವ ಬೆಣಚುಕಲ್ಲಿಗೆ 7. ಹಾಗಾಗಿ ಜೇಬಿನಲ್ಲಿರುವ ಬೀಗದಕೈಗಿಂತ ಜೇಬಿನ ಮೂಲೆಯಲ್ಲಿ ಸೇರಿಕೊಂಡ ಬೀದಿಯ ಧೂಳೇ ಗಾಜಿಗೆ ದೊಡ್ಡ ಶತ್ರು.

ಮೋಸ್‌ನ ಅಳತೆಗೋಲು ಒಂದು ಸಂಗತಿಯನ್ನು ಹೇಳುವುದಿಲ್ಲ. ಸುತ್ತಿಗೆಯ ಏಟು ಬಿದ್ದರೆ ಏನಾಗುತ್ತದೆ? ಯಾವುದೂ ಗೀರಲಾರದ ವಜ್ರವನ್ನು ಅದರ ಸೀಳುಪದರ ಗುರುತಿಸಿ ಒಂದು ಚುರುಕು ಪೆಟ್ಟು ಕೊಟ್ಟರೆ ಎರಡು ಹೋಳಾಗುತ್ತದೆ. ವಜ್ರ ಕತ್ತರಿಸುವ ಕಸುಬಿನವರು ಬಹಳ ಕಾಲದಿಂದ ಹಾಗೆಯೇ ಸೀಳಿದ್ದಾರೆ. ಅದೇ ಪೆಟ್ಟನ್ನು ಸೀಸದ ತುಂಡಿಗೆ ಕೊಟ್ಟರೆ ಅದು ತಗ್ಗುತ್ತದೆ, ಒಡೆಯುವುದಿಲ್ಲ. ಆದರೆ ಅದೇ ಸೀಸಕ್ಕೆ ಉಗುರಿನಿಂದಲೂ ಗುರುತು ಮಾಡಬಹುದು.

ಇದರ ಕಾರಣ ಸರಳವಾಗಿದೆ. ಗೀರು ಬೀಳಬಾರದೆಂದರೆ ಅಣುಗಳು ತಮ್ಮ ಜಾಗ ಬಿಟ್ಟು ಕದಲಬಾರದು. ಒಡೆಯಬಾರದೆಂದರೆ ಏಟಿನ ಶಕ್ತಿ ಎಲ್ಲಾದರೂ ಹರಿದುಹೋಗಬೇಕು, ಅದಕ್ಕೆ ಅಣುಗಳು ಸ್ವಲ್ಪವಾದರೂ ಸರಿದು ಜಾಗ ಕೊಡಬೇಕು. ಸರಿಯಲು ಒಪ್ಪದ ವಸ್ತುವಿಗೆ ಏಟನ್ನು ಖರ್ಚು ಮಾಡಲು ಉಳಿದಿರುವ ದಾರಿ ಒಂದೇ, ಬಿರುಕು. ಮೊದಲ ಗುಣವನ್ನು ಗಡಸುತನ ಎನ್ನೋಣ, ಎರಡನೆಯದನ್ನು ತಾಳಿಕೆ.

ಫೋನ್ ತಯಾರಕರು ಈ ಎರಡರ ನಡುವೆ ಓಡಾಡಿದ ಕಥೆ ಸ್ವಾರಸ್ಯವಾಗಿದೆ. 2007ರಲ್ಲಿ ಮೊದಲ ಐಫೋನ್ ಮಾರುಕಟ್ಟೆಗೆ ಬರುವ ಮೊದಲು ಅದರ ಮಾದರಿಗೆ ಪ್ಲಾಸ್ಟಿಕ್ ಪರದೆ ಇತ್ತು. ಜೇಬಿನಲ್ಲಿಟ್ಟುಕೊಂಡು ಓಡಾಡಿದ್ದಕ್ಕೇ ಗೀರು ಬಿದ್ದದ್ದನ್ನು ಕಂಡ ಸ್ಟೀವ್ ಜಾಬ್ಸ್ ಗಾಜೇ ಬೇಕೆಂದು ಹಟ ಹಿಡಿದ. ಕಾರ್ನಿಂಗ್ ಕಂಪನಿ 1960ರ ದಶಕದಲ್ಲಿ ಅಭಿವೃದ್ಧಿಪಡಿಸಿ ಬದಿಗಿಟ್ಟಿದ್ದ ಬಲಪಡಿಸಿದ ಗಾಜಿನ ತಿಳಿವಳಿಕೆ ಆಗ ಕೆಲಸಕ್ಕೆ ಬಂತು. ಮುಂದೆ ಕೆಲವರು ಇನ್ನೂ ಗಡಸಾದ ನೀಲಮಣಿಯ ಹಿಂದೆ ಹೋದರು. ಮೋಸ್‌ನ ಅಳತೆಯಲ್ಲಿ ಅದಕ್ಕೆ 9. ಆದರೆ ತಯಾರಿಕೆ ಕಷ್ಟ, ಬೆಲೆ ಹೆಚ್ಚು, ತೂಕವೂ ಹೆಚ್ಚು. ಗಡಸಾದ ಮಾತ್ರಕ್ಕೆ ಬಿದ್ದರೆ ಒಡೆಯದು ಎನ್ನುವಂತೆಯೂ ಇಲ್ಲ. ಆಪಲ್‌ಗಾಗಿ ಅರಿಜೋನಾದಲ್ಲಿ ನೀಲಮಣಿ ತಯಾರಿಸಲು ಹೊರಟ ಕಂಪನಿ 2014ರ ಅಕ್ಟೋಬರ್‌ನಲ್ಲಿ ದಿವಾಳಿ ಅರ್ಜಿ ಹಾಕಿತು. ನೀಲಮಣಿ ಇಂದು ಕೈಗಡಿಯಾರದ ಮುಖದಲ್ಲಿ, ಕ್ಯಾಮೆರಾ ಕಣ್ಣಿನ ಮೇಲಿನ ಪುಟ್ಟ ಮುಚ್ಚಳದಲ್ಲಿ ಉಳಿದಿದೆ.

ಮರುವರ್ಷವೇ ಮೊಟೊರೊಲಾ ತದ್ವಿರುದ್ಧ ದಾರಿ ಹಿಡಿಯಿತು. ಪ್ಲಾಸ್ಟಿಕ್ ಪದರಗಳ ಪರದೆ ಮಾಡಿ, ನಾಲ್ಕು ವರ್ಷ ಅದು ಬಿರುಕು ಬಿಡುವುದಿಲ್ಲ, ಒಡೆಯುವುದಿಲ್ಲ ಎಂದು ಖಾತರಿ ಕೊಟ್ಟಿತು. ಖಾತರಿಯ ಒಳಗೇ ಇನ್ನೊಂದು ಮಾತೂ ಇತ್ತು: ಮೇಲ್ಪದರದ ಗೀರಿಗೆ ನಾವು ಜವಾಬ್ದಾರರಲ್ಲ. ಈ ಎರಡು ದಾರಿಗಳ ನಡುವೆ ಗಾಜು ಸುಧಾರಿಸುತ್ತಲೇ ಬಂದಿದೆ. ಕಾರ್ನಿಂಗ್‌ನ ಗೊರಿಲ್ಲಾ ಗಾಜಿನ 2013ರ ಆವೃತ್ತಿ ಗೀರಿನ ಬಗ್ಗೆ ಮಾತಾಡಿದರೆ, 2014ರದ್ದು ಬೀಳುವುದರ ಬಗ್ಗೆ ಮಾತಾಡಿತು. 2020ರ ವಿಕ್ಟಸ್ ಎರಡನ್ನೂ ಸುಧಾರಿಸಿದ್ದೇವೆ ಎಂದಿತು. ಹಾಗೆ ಹೇಳಿಕೊಳ್ಳಬೇಕಾಗಿ ಬಂದದ್ದೇ ಅದು ಎಷ್ಟು ಕಷ್ಟದ ಕೆಲಸ ಎಂಬುದಕ್ಕೆ ಸಾಕ್ಷಿ.

ಈಗ ಮನುಷ್ಯರ ವಿಚಾರಕ್ಕೆ ಬರುತ್ತೇನೆ. ನಮ್ಮ ದೊಡ್ಡಮ್ಮನನ್ನು ಊರಿನವರು ‘ಗಟ್ಟಿಗಿತ್ತಿ’ ಎನ್ನುತ್ತಿದ್ದರು. ಮಕ್ಕಳು ಚಿಕ್ಕವರಿದ್ದಾಗಲೇ ದೊಡ್ಡಪ್ಪ ತೀರಿಕೊಂಡರು. ಹೊಲಿಗೆ ಮಷೀನು ತುಳಿದು ಮನೆ ನಡೆಸಿದರು, ಯಾರ ಮುಂದೆಯೂ ಕಣ್ಣೀರು ಹಾಕಲಿಲ್ಲ. ‘ನೋಡು, ಒಂದು ದಿನ ಮುಖ ಸಣ್ಣ ಮಾಡಿದವಳಲ್ಲ’ ಎಂದು ಬೇರೆ ಹೆಂಗಸರಿಗೆ ಅವರನ್ನು ಉದಾಹರಣೆ ಕೊಡುತ್ತಿದ್ದರು. ಎರಡನೆಯ ಮಗಳ ಮದುವೆಯ ದಿನ ಅಡುಗೆಯವರು ಬಂದು ಸಕ್ಕರೆ ಸಾಲದು ಎಂದರು. ಅಷ್ಟೇ. ದೊಡ್ಡಮ್ಮ ಉಗ್ರಾಣದ ಬಾಗಿಲಲ್ಲಿ ಕುಸಿದು ಕೂತವರು ಏಳಲಿಲ್ಲ. ಆಮೇಲೆ ತಿಂಗಳುಗಟ್ಟಲೆ ಮಷೀನಿನ ಹತ್ತಿರ ಹೋಗಲಿಲ್ಲ, ಸರಿಯಾಗಿ ಊಟ ಮಾಡಲಿಲ್ಲ. ಎಲ್ಲರ ಬಾಯಲ್ಲೂ ಒಂದೇ ಮಾತು: ‘ಅಷ್ಟು ಗಟ್ಟಿಗಿತ್ತಿ, ಇಷ್ಟಕ್ಕೇ ಹೀಗಾದಳಲ್ಲ!’

ಆ ‘ಇಷ್ಟಕ್ಕೇ’ ಎನ್ನುವ ಬೆರಗು ಹುಟ್ಟುವುದು ಎರಡು ಗುಣಗಳನ್ನು ಒಂದು ಮಾಡಿಕೊಂಡಿದ್ದರಿಂದ. ಗುರುತು ಬೀಳದ್ದನ್ನು ಕಂಡು ಒಡೆಯದವರು ಎಂದು ಲೆಕ್ಕ ಹಾಕಿದ್ದೆವು. ಈ ತಪ್ಪು ಲೆಕ್ಕದಿಂದ ನಮಗೆ ಅನುಕೂಲವೂ ಇದೆ. ಗಟ್ಟಿ ಎಂದು ಒಪ್ಪಿಕೊಂಡವರ ಮೇಲೆ ಇನ್ನಷ್ಟು ಹೊರೆ ಹೊರಿಸಬಹುದು. ‘ಅವಳು ನಿಭಾಯಿಸುತ್ತಾಳೆ ಬಿಡು’ ಎಂಬ ಹೊಗಳಿಕೆ ಎಷ್ಟೋ ಮನೆಗಳಲ್ಲಿ ಕೆಲಸ ಹಂಚಿಕೊಳ್ಳದಿರಲು ಇರುವ ಮರ್ಯಾದಸ್ಥ ದಾರಿ.

ಇದನ್ನು ಕೇಳಿದವರು ಕೂಡಲೇ ಇನ್ನೊಂದು ತೀರ್ಮಾನಕ್ಕೆ ಬರಬಹುದು. ಹಾಗಾದರೆ ಗೀರುಗಳೇ ಒಳ್ಳೆಯವು, ಬದುಕು ಮಾಡಿದ ಗಾಯಗಳನ್ನು ಮುಚ್ಚಿಡದೆ ಹೊತ್ತವರೇ ನಿಜಕ್ಕೂ ಗಟ್ಟಿಗರು, ಪೆಟ್ಟು ತಿಂದಷ್ಟೂ ಮನುಷ್ಯ ಬಲಿಯುತ್ತಾನೆ ಎಂದು. ಉಳಿಯೇಟು ಬೀಳದೆ ಕಲ್ಲು ಮೂರ್ತಿಯಾಗದು ಎಂಬ ಮಾತನ್ನು ಶಾಲೆಯ ಗೋಡೆಯಿಂದ ಹಿಡಿದು ಬೀಳ್ಕೊಡುಗೆ ಭಾಷಣದವರೆಗೆ ಎಲ್ಲ ಕಡೆ ಕೇಳಿದ್ದೇವೆ. ನನಗೆ ಈ ತೀರ್ಮಾನವೂ ಒಪ್ಪಿಗೆಯಾಗುವುದಿಲ್ಲ. ಗಾಜು ಅದನ್ನು ಬೆಂಬಲಿಸುವುದಿಲ್ಲ.

ಇಂಗ್ಲೆಂಡಿನ ಎಂಜಿನಿಯರ್ ಅಲನ್ ಗ್ರಿಫಿತ್ 1921ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಒಂದು ಒಗಟನ್ನು ಬಿಡಿಸಿದ. ಅಣುಬಂಧಗಳ ಲೆಕ್ಕ ಹಾಕಿದರೆ ಗಾಜು ಬಹಳ ಬಲವಾಗಿರಬೇಕು. ನಿಜದಲ್ಲಿ ಅದರ ನೂರನೇ ಒಂದು ಪಾಲಿನಷ್ಟು ಎಳೆತಕ್ಕೇ ಒಡೆಯುತ್ತದೆ. ಏಕೆ? ಗಾಜಿನ ಮೈಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಗೀರುಗಳು ಇರುತ್ತವೆ. ಗಾಜನ್ನು ಬಗ್ಗಿಸಿದಾಗ ಎಲ್ಲ ಎಳೆತವೂ ಆ ಗೀರಿನ ತುದಿಯಲ್ಲಿ ಬಂದು ಸೇರುತ್ತದೆ, ಬಿರುಕು ಅಲ್ಲಿಂದ ಹೊರಡುತ್ತದೆ. ಆತ ಹೊಸದಾಗಿ ಎಳೆದ ಬಹಳ ತೆಳುವಾದ ಗಾಜಿನ ಎಳೆಗಳನ್ನು ಪರೀಕ್ಷಿಸಿದಾಗ ಅವು ದಪ್ಪ ಗಾಜಿಗಿಂತ ಎಷ್ಟೋ ಪಟ್ಟು ಬಲವಾಗಿದ್ದವು.

ಅಂದರೆ ಗೀರು ನಿರಪಾಯಕಾರಿ ಅಲಂಕಾರವಲ್ಲ. ನಾಳೆಯ ಒಡಕಿಗೆ ಇವತ್ತೇ ಹಾಕಿಟ್ಟ ದಾರಿ ಅದು. ಎರಡು ವರ್ಷ ಬಳಸಿದ ಫೋನು ಎಷ್ಟೋ ಸಲ ಬಿದ್ದು ಬದುಕಿ, ಒಂದು ದಿನ ಮಂಚದ ಎತ್ತರದಿಂದ ಬಿದ್ದು ಒಡೆಯುವುದು ಹೀಗೆ. ಕೊನೆಯ ಏಟು ಚಿಕ್ಕದಿರಬಹುದು, ಹಳೆಯ ಗೀರು ಅದಕ್ಕಾಗಿ ಕಾದಿರುತ್ತದೆ. ಮನುಷ್ಯ ಗಾಜಲ್ಲ, ಗಾಯ ಮಾಯುತ್ತದೆ ಎನ್ನಬಹುದು. ನಿಜ. ಆದರೆ ಮಾಯಲು ಸಮಯ ಬೇಕು, ವಿಶ್ರಾಂತಿ ಬೇಕು, ಪಕ್ಕದಲ್ಲಿ ಯಾರಾದರೂ ಇರಬೇಕು. ಇವು ಯಾವುದೂ ಸಿಗದವರಿಗೆ ‘ನೋವು ನಿನ್ನನ್ನು ಗಟ್ಟಿ ಮಾಡುತ್ತದೆ’ ಎಂದು ಹೇಳುವುದು ಕ್ರೌರ್ಯಕ್ಕೆ ಹತ್ತಿರವಾದ ಮಾತು. ಆ ಮಾತನ್ನು ಸಾಮಾನ್ಯವಾಗಿ ಹೇಳುವವರು ಉಳಿ ಹಿಡಿದವರು.

ಹಾಗಾದರೆ ಕಾರ್ನಿಂಗ್ ಮತ್ತು ಅಂಥ ಕಂಪನಿಗಳು ಮಾಡಿದ್ದಾದರೂ ಏನು? ಗಾಜಿನ ಹಾಳೆಯನ್ನು ಸುಮಾರು 400 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿದ ಪೊಟ್ಯಾಸಿಯಂ ಲವಣದಲ್ಲಿ ಮುಳುಗಿಸುತ್ತಾರೆ. ಗಾಜಿನ ಮೈಯಲ್ಲಿದ್ದ ಚಿಕ್ಕ ಸೋಡಿಯಂ ಅಯಾನುಗಳು ಹೊರಗೆ ಹೋಗಿ, ಅವುಗಳ ಜಾಗದಲ್ಲಿ ದೊಡ್ಡ ಪೊಟ್ಯಾಸಿಯಂ ಅಯಾನುಗಳು ಬಂದು ಕೂರುತ್ತವೆ. ಇಬ್ಬರ ಸೀಟಿನಲ್ಲಿ ಮೂವರು ಕೂತ ಬಸ್ಸಿನ ಹಾಗೆ ಮೇಲ್ಪದರ ಇಕ್ಕಟ್ಟಾಗಿ ಅದುಮಿಕೊಳ್ಳುತ್ತದೆ. ಗೀರು ಬಿದ್ದರೂ ಆ ಒತ್ತಡ ಅದರ ಎರಡು ತುಟಿಗಳನ್ನು ಹಿಡಿದು ಮುಚ್ಚಿಡುತ್ತದೆ, ಬಿರುಕು ಮುಂದೆ ಹೋಗಲು ಬಿಡುವುದಿಲ್ಲ.

ಆದರೆ ಇದು ಪುಕ್ಕಟೆಯಾಗಿ ಬರುವುದಿಲ್ಲ. ಹೊರಗಿನ ಒತ್ತಡವನ್ನು ಸರಿದೂಗಿಸಲು ಗಾಜಿನ ಒಡಲು ಸದಾ ಎಳೆತದಲ್ಲಿರಬೇಕಾಗುತ್ತದೆ. ಮೇಲ್ಪದರವನ್ನು ದಾಟಿ ಬಿರುಕು ಒಳಗೆ ಇಳಿಯಿತೋ, ಕೂಡಿಟ್ಟ ಆ ಎಳೆತವೆಲ್ಲ ಬಿಡುಗಡೆಯಾಗಿ ಬಿರುಕನ್ನು ಮುಂದಕ್ಕೆ ತಳ್ಳುತ್ತದೆ. ಇದರ ವಿಪರೀತ ರೂಪ ಹದಿನೇಳನೆಯ ಶತಮಾನದಲ್ಲೇ ಯುರೋಪಿನ ಅರಮನೆಗಳಲ್ಲಿ ತಮಾಷೆಯಾಗಿತ್ತು. ಕರಗಿದ ಗಾಜಿನ ಹನಿಯನ್ನು ತಣ್ಣೀರಿಗೆ ಬಿಟ್ಟರೆ ಬಾಲವಿರುವ ಮಣಿಯಾಗುತ್ತದೆ. ಪ್ರಿನ್ಸ್ ರೂಪರ್ಟ್‌ನ ಹನಿ ಎಂದು ಅದರ ಹೆಸರು. ಅದರ ತಲೆಯ ಮೇಲೆ ಸುತ್ತಿಗೆಯಿಂದ ಹೊಡೆದರೂ ಒಡೆಯುವುದಿಲ್ಲ. ಸಪೂರ ಬಾಲವನ್ನು ಬೆರಳಲ್ಲಿ ಮುರಿದರೆ ಇಡೀ ಹನಿ ಸಿಡಿದು ಪುಡಿಯಾಗುತ್ತದೆ. ಇದನ್ನು ಓದಿದಾಗ ನನಗೆ ಉಗ್ರಾಣದ ಬಾಗಿಲು ನೆನಪಾಯಿತು. ಗಂಡನ ಸಾವಿನ ಸುತ್ತಿಗೆಗೆ ಒಡೆಯದವರು ಸಕ್ಕರೆಯ ಮಾತಿಗೆ ಒಡೆದದ್ದು ವಿಚಿತ್ರವೇನಲ್ಲ. ವರ್ಷಗಟ್ಟಲೆ ಒಳಗೆ ಎಳೆತದಲ್ಲಿದ್ದದ್ದಕ್ಕೆ ಎಲ್ಲೋ ಒಂದು ಬಾಲವಿತ್ತು.

ತಾಳಿದವನು ಬಾಳಿಯಾನು ಎನ್ನುತ್ತದೆ ನಮ್ಮ ಗಾದೆ. ಎಷ್ಟು ತಾಳಬೇಕು, ಯಾರು ತಾಳಬೇಕು ಎಂಬುದನ್ನು ಅದು ಹೇಳುವುದಿಲ್ಲ. ಗಾಜಿನ ವಿಷಯದಲ್ಲಿ ಎಂಜಿನಿಯರ್ ಕೂತು, ಇಷ್ಟು ಗಡಸುತನ, ಇಷ್ಟು ತಾಳಿಕೆ, ಒಳಗೆ ಇಷ್ಟೇ ಎಳೆತ ಎಂದು ಲೆಕ್ಕ ಹಾಕುತ್ತಾನೆ. ಎಳೆತ ಮಿತಿ ಮೀರದಂತೆ ನೋಡಿಕೊಳ್ಳುವುದು ಅವನ ಹೊಣೆ. ಮನುಷ್ಯರ ವಿಷಯದಲ್ಲಿ ಹೊರಮೈಯನ್ನು ಬಿಗಿಯುವ ಕೆಲಸವನ್ನು ಮನೆ, ಶಾಲೆ, ಹಾಸ್ಟೆಲ್, ಕಚೇರಿ ಎಲ್ಲವೂ ಮಾಡುತ್ತವೆ. ಒಳಗಿನ ಲೆಕ್ಕ ಇಡುವವರು ಮಾತ್ರ ಯಾರೂ ಇರುವುದಿಲ್ಲ. ಪರೀಕ್ಷೆಯಲ್ಲಿ ಸೋತ ಹುಡುಗನಿಗೆ ‘ಗಟ್ಟಿಯಾಗು’ ಎನ್ನುತ್ತೇವೆ. ಅವನು ಅಳು ನುಂಗಿಕೊಂಡು ನಕ್ಕರೆ ನಮಗೆ ಸಮಾಧಾನ. ನಾವು ಕೇಳಿದ್ದು ತಾಳಿಕೆ, ಅವನು ಕೊಟ್ಟದ್ದು ಗೀರು ಕಾಣದ ಮುಖ. ವ್ಯತ್ಯಾಸ ಗೊತ್ತಾಗುವಷ್ಟರಲ್ಲಿ ಕೆಲವೊಮ್ಮೆ ತಡವಾಗಿರುತ್ತದೆ.

ಹಾಗೆಂದು ಎಲ್ಲರೂ ಎಲ್ಲರ ಮುಂದೆ ಅಳಬೇಕು ಎಂದು ನಾನು ಹೇಳುತ್ತಿಲ್ಲ. ಮಕ್ಕಳ ಎದುರು ಕಣ್ಣೀರು ತಡೆದುಕೊಂಡ ದೊಡ್ಡಮ್ಮ ಆ ಮಕ್ಕಳಿಗೆ ಕೊಟ್ಟದ್ದು ದೊಡ್ಡ ವಸ್ತು. ಅದುಮಿಟ್ಟುಕೊಳ್ಳುವುದೂ ಒಂದು ಬಲವೇ, ಅದಿಲ್ಲದೆ ಎಷ್ಟೋ ದಿನಗಳು ದಾಟುವುದಿಲ್ಲ. ನನ್ನ ತಕರಾರು ಅದನ್ನು ನೋಡುವ ನಮ್ಮ ಮೇಲೆ. ಒಬ್ಬರ ಮೇಲೆ ಗುರುತು ಕಾಣದಿದ್ದಾಗ ಅವರಿಗೆ ಏನೂ ಬೇಡ ಎಂದುಕೊಳ್ಳುವುದು ನಾವು, ಗುರುತು ಕಂಡಾಗ ಅದು ಅವರಿಗೆ ಒಳ್ಳೆಯದೇ ಮಾಡಿತು ಎಂದುಕೊಳ್ಳುವುದೂ ನಾವೇ. ಎರಡರಲ್ಲೂ ನಮಗೆ ಕೆಲಸವಿಲ್ಲ. ಎರಡೂ ನಮ್ಮನ್ನು ಹೊಣೆಯಿಂದ ಬಿಡಿಸುತ್ತವೆ.

ಗಾಜಿನೊಳಗಿನ ಎಳೆತ ಬರಿಗಣ್ಣಿಗೆ ಕಾಣುವುದಿಲ್ಲ. ಅದನ್ನು ನೋಡಲು ಒಡೆಯಬೇಕಾಗಿಯೂ ಇಲ್ಲ, ಗೀರಬೇಕಾಗಿಯೂ ಇಲ್ಲ. ಧ್ರುವೀಕರಿಸಿದ ಬೆಳಕನ್ನು ಅದರ ಮೂಲಕ ಹಾಯಿಸಿ ಇನ್ನೊಂದು ಅಂಥದೇ ಶೋಧಕದಿಂದ ನೋಡಿದರೆ ಒಳಗಿನ ಒತ್ತಡ, ಎಳೆತಗಳ ಗುರುತು ಕಾಣಿಸಿಕೊಳ್ಳುತ್ತದೆ. ಮನೆಯಲ್ಲೇ ಇದರ ಚಿಕ್ಕ ರೂಪ ನೋಡಬಹುದು. ಲ್ಯಾಪ್‌ಟಾಪಿನ ಬಿಳಿ ಎಲ್‌ಸಿಡಿ ಪರದೆಯ ಮುಂದೆ ಕಂಪಾಸ್ ಪೆಟ್ಟಿಗೆಯ ಪಾರದರ್ಶಕ ಸ್ಕೇಲನ್ನು ಹಿಡಿದು, ಪೋಲರಾಯ್ಡ್ ತಂಪು ಕನ್ನಡಕದಲ್ಲಿ ನೋಡಿ, ಕನ್ನಡಕವನ್ನು ಸ್ವಲ್ಪ ತಿರುಗಿಸಿ. ಬರಿಗಣ್ಣಿಗೆ ಏನೂ ಇಲ್ಲದ ಸ್ಕೇಲಿನಲ್ಲಿ ಬಣ್ಣದ ಪಟ್ಟೆಗಳು ಏಳುತ್ತವೆ. ಅಚ್ಚಿನಲ್ಲಿ ತಣಿಯುವಾಗ ಅದು ಒಳಗೆ ಉಳಿಸಿಕೊಂಡ ಬಿಗಿತ ಅದು.

ಮನುಷ್ಯರಿಗೆ ಅಂಥ ಕನ್ನಡಕವಿಲ್ಲ. ಇರುವುದು ಬಹಳ ಸಾಧಾರಣವಾದ ಒಂದು ಉಪಾಯ. ಗಟ್ಟಿ ಎಂದು ಹೆಸರಾದವರ ಹತ್ತಿರ ಕೆಲಸವಿಲ್ಲದ ಹೊತ್ತಿನಲ್ಲಿ ಹೋಗಿ ಕೂರುವುದು, ‘ಹೇಗಿದ್ದೀರಿ’ ಎಂದು ಕೇಳಿ ಮೊದಲ ‘ಚೆನ್ನಾಗಿದ್ದೀನಿ’ ಆದ ಮೇಲೂ ಸ್ವಲ್ಪ ಹೊತ್ತು ಎದ್ದು ಹೋಗದಿರುವುದು.