ನಾಳೆಯನ್ನು ಅರಿಯದವನ ಭರವಸೆ

ಆಶೆಯನ್ನು ಅಳಿಯಬೇಕೆಂಬುದು ಶರಣರ ಬೋಧೆ. ಹೊನ್ನು, ಹೆಣ್ಣು, ಮಣ್ಣುಗಳು ಮಾಯೆಯಲ್ಲ, ಮನದ ಮುಂದಣ ಆಶೆಯೇ ಮಾಯೆಯೆಂಬ ಅಲ್ಲಮಪ್ರಭುಗಳ ಅಭಿಪ್ರಾಯವನ್ನು ಅರಿಯದ ಭಕ್ತರು ವಿರಳ. ಆದರೆ ಸಂಸಾರಿಯಾದವನು ನಾಳಿನ ಮೇಲೆ ಕಣ್ಣಿಡದೆ ಬಾಳುವುದೆಂತು? ಮಕ್ಕಳ ವಿದ್ಯೆ, ಮಗಳ ಲಗ್ನ, ಸಾಲದ ಕಂತು ಇವೆಲ್ಲವೂ ನಾಳೆಗೇ ಸೇರಿದವು. ಆಶೆಯನ್ನು ಬಿಟ್ಟವನು ಭರವಸೆಯನ್ನೂ ಬಿಡಬೇಕೆ ಎಂಬುದು ಅನೇಕ ಗೃಹಸ್ಥರ ಮನಸ್ಸನ್ನು ಕೊರೆಯುವ ಪ್ರಶ್ನೆಯಾಗಿದೆ. ಇದನ್ನು ಪಂಡಿತರ ವಾದಕ್ಕೆ ಬಿಡದೆ, ಒಕ್ಕಲಿಗನ ಹೊಲದಲ್ಲಿ ನಿಂತು ನೋಡುವುದು ಒಳಿತು.

ಬಸವಕಲ್ಯಾಣ ತಾಲೂಕಿನ ಮುಡಬಿಯ ಸುತ್ತಲಿನ ಭೂಮಿ ಬಹುಮಟ್ಟಿಗೆ ಮಳೆಯನ್ನೇ ನಂಬಿದುದು. ಅಲ್ಲಿಯ ರೈತನು ಮೃಗಶಿರಾ, ಆರಿದ್ರಾ ಮಳೆಗಳನ್ನು ಕಾದು ಕೂರಿಗೆ ಹೂಡುತ್ತಾನೆ. ತೊಗರಿಯು ಕೈಗೆ ಬರಬೇಕಾದರೆ ಆರು ತಿಂಗಳಾದರೂ ಬೇಕು. ಅಷ್ಟರಲ್ಲಿ ಮಳೆ ತಡೆಯಬಹುದು, ಅಥವಾ ಒಮ್ಮೆಗೇ ಸುರಿದು ಹೊಲದಲ್ಲಿ ನೀರು ನಿಲ್ಲಬಹುದು. ನೆಟೆ ರೋಗ ತಗುಲಿ ಹಸಿರು ಗಿಡ ನಿಂತಲ್ಲೇ ಒಣಗಬಹುದು. ಹೂವಾಡುವ ಹೊತ್ತಿಗೆ ಮಂಜು ಕವಿಯಬಹುದು. ಎಲ್ಲವನ್ನೂ ದಾಟಿ ಬಂದ ಕಾಳಿಗೆ ಪೇಟೆಯಲ್ಲಿ ಧಾರಣೆ ಇಲ್ಲದಿರಬಹುದು. ಇದೆಲ್ಲವನ್ನೂ ಅವನು ಬಲ್ಲನು, ಆದರೂ ಬಿತ್ತುತ್ತಾನೆ. ಈ ಬಿತ್ತುವಿಕೆ ಆಶೆಯೋ, ಭರವಸೆಯೋ?

ನಮ್ಮ ಎಣಿಕೆಯಲ್ಲಿ ಇವೆರಡಕ್ಕೂ ಅಂತರವುಂಟು. ಆಶೆಯು ನಾಳಿನೊಡನೆ ಕರಾರು ಮಾಡಿಕೊಳ್ಳುತ್ತದೆ: ಇಷ್ಟು ಮಾಡಿದೆನು, ಇಷ್ಟು ಬರಬೇಕು. ಬಾರದಿದ್ದರೆ ಮಳೆಯನ್ನು ಶಪಿಸುತ್ತದೆ, ನೆರೆಯವನನ್ನು ಕರುಬುತ್ತದೆ, ಕಡೆಗೆ ದೇವರ ಮೇಲೆಯೇ ಮುನಿಯುತ್ತದೆ. ಭರವಸೆಗೆ ಅಂತಹ ಕರಾರಿಲ್ಲ. ಮಾಡತಕ್ಕುದನ್ನು ಮಾಡುವುದು ವ್ಯರ್ಥವಲ್ಲವೆಂಬ ನಿಲುವೊಂದೇ ಅದರ ಬಂಡವಾಳ. ಶರಣರು ದುಡಿಮೆಯನ್ನು ಕಾಯಕವೆಂದು ಕರೆದುದರ ಗುಟ್ಟು ಇದೇ ಇರಬೇಕು. ಫಲವು ಕೈ ತಪ್ಪಿದಾಗಲೂ ಕಾಯಕವು ಕಾಯಕವಾಗಿಯೇ ಉಳಿಯುತ್ತದೆ.

ಕಲ್ಯಾಣದ ಕಥೆಯನ್ನೇ ನೋಡಿರಿ. ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ನಡೆದ ವಿವಾಹ, ಅದಕ್ಕಾಗಿ ಆ ತಂದೆಯರಿಗೆ ಒದಗಿದ ಘೋರ ಶಿಕ್ಷೆ, ಬಿಜ್ಜಳನ ಅಂತ್ಯ, ಶರಣರ ಚದುರುವಿಕೆ ಇವು ಎಲ್ಲರೂ ಕೇಳಿದ ಸಂಗತಿಗಳು. 12ನೆಯ ಶತಮಾನದ ಆ ದಿನಗಳಲ್ಲಿ ಚನ್ನಬಸವಣ್ಣನವರೊಡನೆ ಉಳವಿಯ ಕಾಡಿನತ್ತ ನಡೆದ ಶರಣರು ವಚನದ ಓಲೆಕಟ್ಟುಗಳನ್ನು ಹೊತ್ತು ಸಾಗಿದರೆಂಬುದು ಐತಿಹ್ಯ. ಹಿಂದೆ ದಂಡು, ಮುಂದೆ ಅರಿಯದ ದಾರಿ. ಅವರು ಮುಂದಾಗುವುದನ್ನೆಲ್ಲ ಕಂಡೇ ನಡೆದರೆಂದು ಹೇಳುವವರುಂಟು. ಅದನ್ನು ಒಪ್ಪಲು ನಮಗೆ ಮನಸ್ಸಾಗದು. ಕಂಡವನಿಗೆ ಭರವಸೆಯಾದರೂ ಏತಕ್ಕೆ ಬೇಕು? ಕಾಣದೆಯೇ ನಡೆದುದರಲ್ಲಿ ಅವರ ಹಿರಿಮೆಯಿದೆ. ಮಹಾಮನೆ ಬರಿದಾಯಿತು, ಊರು ಕೈಬಿಟ್ಟಿತು. ಅಂದಿನ ಲೆಕ್ಕದಲ್ಲಿ ಅದು ಸೋಲೇ. ಹೊತ್ತ ಕಟ್ಟುಗಳನ್ನು ದಾರಿಯಲ್ಲಿ ಇಳಿಸಿದ್ದರೆ ಯಾರೂ ಕೇಳುತ್ತಿರಲಿಲ್ಲ.

ಅವು ಉಳಿದುವು. 15ನೆಯ ಶತಮಾನದಲ್ಲಿ ವಿರಕ್ತರು ವಚನಗಳನ್ನು ಕೂಡಿಸಿದರು, ಶೂನ್ಯಸಂಪಾದನೆ ರೂಪುಗೊಂಡಿತು. ಬಳಿಕ ಎಷ್ಟೋ ಮನೆಗಳಲ್ಲಿ ಓಲೆಗಳು ಪೂಜೆಯ ಗಂಟಾಗಿ ಕುಳಿತವು, ಓದುವವರಿಲ್ಲದಿದ್ದರೂ ಬಿಸುಡುವವರಿರಲಿಲ್ಲ. ವಿಜಾಪುರದ ವಕೀಲರಾದ ಫ.ಗು. ಹಳಕಟ್ಟಿಯವರು ಊರೂರು ತಿರುಗಿ ಅವನ್ನು ಸಂಗ್ರಹಿಸಿ 1923ರಲ್ಲಿ ವಚನಶಾಸ್ತ್ರಸಾರವನ್ನು ಪ್ರಕಟಿಸಿದರು. ಎಂಟು ಶತಮಾನಗಳಿಗೆ ಸಮೀಪವಾದ ಅವಧಿ! ನಡುವಣ ಯಾವ ತಲೆಮಾರೂ ಫಲವನ್ನು ಉಣ್ಣಲಿಲ್ಲ. ಗಂಟನ್ನು ಮುಂದಿನವರಿಗೆ ಒಪ್ಪಿಸಿತು, ಅಷ್ಟೆ.

ಇನ್ನೂ ಹತ್ತಿರದ ನಿದರ್ಶನ ಭಾಲ್ಕಿಯದು. ನಿಜಾಮರ ಆಳ್ವಿಕೆಯಲ್ಲಿ ಉರ್ದುವೇ ರಾಜಭಾಷೆಯಾಗಿದ್ದಾಗ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕವನ್ನು ತೂಗಿಸಿ ಒಳಗೆ ಕನ್ನಡ ಕಲಿಸಿದರೆಂಬುದು ಬೀದರ ಸೀಮೆಯಲ್ಲಿ ಮನೆಮಾತು. ಆ ಮಕ್ಕಳು ತಿದ್ದಿದ ಅಕ್ಷರಕ್ಕೆ ಅಂದು ಕಚೇರಿಯಲ್ಲಿ ಬೆಲೆಯಿರಲಿಲ್ಲ. 1948ರ ಸೆಪ್ಟೆಂಬರದಲ್ಲಿ ಸಂಸ್ಥಾನವು ಭಾರತದಲ್ಲಿ ಸೇರುವುದೆಂದಾಗಲಿ, 1956ರ ನವೆಂಬರ 1ರಂದು ಬೀದರವು ಕನ್ನಡ ನಾಡಿಗೆ ಕೂಡುವುದೆಂದಾಗಲಿ ಆಗ ಯಾರು ಬಲ್ಲರು?

ಇಲ್ಲಿ ಒಂದು ಆಕ್ಷೇಪ ಬರಬಹುದು. ನಾಳಿಗೆಂದು ಕೂಡಿಡುವುದೇ ಭಕ್ತಿಗೆ ಕುಂದಲ್ಲವೆ? ಮಾರಯ್ಯನು ಎಂದಿನದಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಆಯ್ದಕ್ಕಿ ಲಕ್ಕಮ್ಮನು ಅದನ್ನು ತಿರುಗಿ ಸುರಿದು ಬಾ ಎಂದು ಕಳುಹಿದಳಲ್ಲವೆ? ಮಾತು ನಿಜ. ಆದರೆ ಆ ತಾಯಿ ನಿರಾಕರಿಸಿದುದು ಕಾಯಕಕ್ಕೆ ಮೀರಿದ ಗಳಿಕೆಯನ್ನು, ಅದನ್ನು ತಂದ ಮನದ ಅತಿಯಾಸೆಯನ್ನು. ಬಿತ್ತನೆಯ ಬೀಜ ಅಂತಹುದಲ್ಲ. ಅದು ರೈತನ ನಾಳಿನ ಕಾಯಕದ ಸಾಧನ. ಬಡಗಿಗೆ ಬಾಚಿ ಹೇಗೋ ಹಾಗೆ. ಹಗೇವಿನಲ್ಲಿ ವರುಷದ ಜೋಳ ಇರಿಸುವುದೂ ತಪ್ಪಲ್ಲ. ಬರದ ಹೆದರಿಕೆಯಿಂದ ಹಗೇವಿನ ಬಾಯಿಯ ಜೊತೆಗೆ ಮನೆಯ ಬಾಗಿಲನ್ನೂ ಮುಚ್ಚಿದರೆ, ಆಗ ಲಕ್ಕಮ್ಮನ ಮಾತು ನಮಗೆ ತಗುಲುತ್ತದೆ.

ಭರವಸೆಯನ್ನು ಕುರಿತು ಹೊಟ್ಟೆ ತುಂಬಿದವನು ಹಸಿದವನಿಗೆ ಉಪದೇಶ ಮಾಡುವುದು ಸುಲಭ. ಅದು ನಮಗೆ ಸಲ್ಲದು. 1972ರ ಬರವನ್ನು ಕಂಡವರು ಇನ್ನೂ ಇದ್ದಾರೆ. ಅಂತಹ ಕಾಲದಲ್ಲಿ ಅಳುವ ಕೂಸನ್ನು ನೋಡಲಾರದೆ ತಾಯಿಯೊಬ್ಬಳು ಬೀಜದ ಜೋಳವನ್ನೇ ಬೀಸಿ ರೊಟ್ಟಿ ಬಡಿದಳಾದರೆ, ಅವಳಿಗೆ ಭರವಸೆ ಇರಲಿಲ್ಲವೆನ್ನುವ ಅಧಿಕಾರ ಯಾರಿಗಿದೆ? ಅವಳು ಅಂದಿನ ಜೀವವನ್ನು ಉಳಿಸಿದಳು. ಮರುವರುಷ ಆ ಹೊಲಕ್ಕೆ ಬೀಜವೆಲ್ಲಿಂದ ಬರಬೇಕೆಂಬ ಪ್ರಶ್ನೆಯನ್ನು ಅವಳಿಗಲ್ಲ, ಪಕ್ಕದ ಮನೆಯವನಿಗೆ ಕೇಳಬೇಕು. ಅವನ ಹಗೇವಿನಲ್ಲಿ ನಾಲ್ಕು ಸೇರು ಹೆಚ್ಚಿದ್ದು, ಮಳೆ ಬೀಳುವ ಮೊದಲೇ ಅವನು ಅದನ್ನು ಅಳೆದು ಅವಳ ಅಂಗಳಕ್ಕೆ ಮುಟ್ಟಿಸಿದನಾದರೆ, ಆ ವರುಷ ಎರಡು ಹೊಲಗಳಲ್ಲಿ ಕೂರಿಗೆ ಹೂಡಿತು.