ಮೂವತ್ತೊಂಬತ್ತಕ್ಕೆ ಇಳಿದ ಜ್ವರ

ಜಗಳೂರಿನ ಅಕ್ಕನ ಮನೆಯಲ್ಲಿ ಹಳೆಯ ಗಾಜಿನ ಥರ್ಮಾಮೀಟರ್ ಕೈಜಾರಿ ಒಡೆದದ್ದು ಮೊಮ್ಮಗನಿಗೆ ಜ್ವರ ಬಂದ ದಿನವೇ. ಒಡೆಯುವ ಮುಂಚೆ ಅದು 102 ತೋರಿಸಿತ್ತು. ಸಂಜೆ ಮೆಡಿಕಲ್ ಶಾಪಿನಿಂದ ಡಿಜಿಟಲ್ ತರಿಸಿದರು. ರಾತ್ರಿ ನಾನು ಹೊನ್ನಾಳಿಯಿಂದ ಫೋನ್ ಮಾಡಿದಾಗ ಅಕ್ಕ, "ಇಳಿದೈತೆ ಕಣೋ, ಮೂವತ್ತೊಂಬತ್ತಕ್ಕೆ ಬಂದೈತೆ" ಅಂದಳು. "ಸದ್ಯ" ಅಂದು ಫೋನಿಟ್ಟೆ. ಹಾಸಿಗೆಗೆ ಹೋದ ಮೇಲೆ ಹೊಳೆಯಿತು. 39ನ್ನು 9ರಿಂದ ಗುಣಿಸಿ, 5ರಿಂದ ಭಾಗಿಸಿ, 32 ಕೂಡಿಸಿದರೆ 102.2. ಜ್ವರ ಕೂದಲೆಳೆಯಷ್ಟೂ ಇಳಿದಿರಲಿಲ್ಲ.

ಯಾರೂ ಸುಳ್ಳು ಹೇಳಿರಲಿಲ್ಲ. ಯಂತ್ರ ಸರಿಯಾಗಿಯೇ ಅಳೆದಿತ್ತು, ಅಕ್ಕ ಕಂಡದ್ದನ್ನೇ ಓದಿದ್ದಳು. ಆದರೂ ನನ್ನ ಕಿವಿಗೆ ಬಿದ್ದದ್ದು ಸುಳ್ಳು. ಸತ್ಯ ಹೇಳಿದರೆ ಸಾಕೇ, ಅದು ಕೇಳುವವರಿಗೆ ಸತ್ಯವಾಗಿಯೇ ಮುಟ್ಟಬೇಕೇ? ಮುಟ್ಟಬೇಕು ಎನ್ನುವುದಾದರೆ ಅದರ ಹೊಣೆ ಯಾರದು? ಎರಡೂ ಅಳತೆ ಬಲ್ಲವನದು ಎಂದು ಈಗ ನನಗನ್ನಿಸುತ್ತದೆ. ಆ ರಾತ್ರಿ ಫೋನಿನ ಎರಡು ತುದಿಯಲ್ಲಿ ಅಂಥವನು ಇದ್ದದ್ದು ನಾನೊಬ್ಬನೇ. "ಯಾವ ಡಿಗ್ರಿ ಅಕ್ಕ?" ಎಂದು ಕೇಳಲಿಲ್ಲ. ಒಳ್ಳೆಯ ಸುದ್ದಿಯನ್ನು ಯಾರು ಮರುಪ್ರಶ್ನೆ ಮಾಡುತ್ತಾರೆ?

ನಮ್ಮ ಕಡೆ ಬಿಸಿಲಿಗೆ ಸೆಲ್ಸಿಯಸ್, ಮೈಗೆ ಫ್ಯಾರನ್‌ಹೀಟ್. ಚನ್ನಗಿರಿಯಲ್ಲಾಗಲಿ ನ್ಯಾಮತಿಯಲ್ಲಾಗಲಿ ಟೀವಿಯಲ್ಲಿ "ಇವತ್ತು 38 ಡಿಗ್ರಿ" ಎಂದರೆ ಬರೀ ಬಿಸಿಲು. "ನೂರೆರಡು" ಎಂದರೆ ಆಸ್ಪತ್ರೆಗೆ ಹೊರಡಬೇಕು. ಎರಡು ಭಾಷೆ ಬಲ್ಲವರು ಸಂತೆಯಲ್ಲೊಂದು ಮನೆಯಲ್ಲೊಂದು ಆಡುವ ಹಾಗೆ ನಾವು ಇವೆರಡನ್ನೂ ಬೆರೆಸದೆ ಬದುಕಿದ್ದೇವೆ. ಬೆರೆತ ದಿನ ಎಡವುತ್ತೇವೆ.

ಲೆಕ್ಕ ತಪ್ಪದಿದ್ದಾಗಲೂ ಮಾತು ಕೆಡಬಹುದು. ಜರ್ಮನಿಯ ವೈದ್ಯ ವುಂಡರ್‌ಲಿಶ್ ಅಪಾರ ಸಂಖ್ಯೆಯ ರೋಗಿಗಳ ಮೈಬಿಸಿ ಅಳೆಸಿ, 1868ರ ತನ್ನ ಪುಸ್ತಕದಲ್ಲಿ ಆರೋಗ್ಯವಂತರಿಗೆ 37 ಸೆಲ್ಸಿಯಸ್ ಎಂದ. ಅದು ದುಂಡು ಸಂಖ್ಯೆ, ಆಚೀಚೆ ಸರಿಯಲು ಜಾಗವಿತ್ತು. ಫ್ಯಾರನ್‌ಹೀಟಿಗೆ ತಿರುಗಿಸಿದಾಗ 98.6 ಆಯಿತು. ಆ ಪಾಯಿಂಟ್ ಆರನ್ನು ಯಾರೂ ಅಳೆದು ಕಂಡದ್ದಲ್ಲ, ಗುಣಾಕಾರ ಹುಟ್ಟಿಸಿದ್ದು. 99 ಕಂಡೊಡನೆ ಎಷ್ಟು ತಾಯಂದಿರು ನಿದ್ದೆಗೆಟ್ಟಿದ್ದಾರೋ! "ಸುಮಾರು" ಎಂಬ ಮಾತು ಲೆಕ್ಕದ ಜೊತೆ ಗಡಿ ದಾಟುವುದಿಲ್ಲ.

ಆ ರಾತ್ರಿ ಮತ್ತೆ ಫೋನ್ ಮಾಡಿ ಅಕ್ಕನನ್ನು ಎಬ್ಬಿಸಿದೆ. ಹುಡುಗನಿಗೆ ಔಷಧಿ ಕುಡಿಸಿದರು, ಮೈ ಒರೆಸಿದರು, ಬೆಳಿಗ್ಗೆ ಡಾಕ್ಟರ ಹತ್ತಿರ ಕರೆದೊಯ್ದರು. ಹುಷಾರಾದ. ನನಗೆ ಇವತ್ತಿಗೂ ಚುಚ್ಚುವುದು ಆಮೇಲೆ ಅಕ್ಕ ಹೇಳಿದ ಮಾತು: "ಕುತ್ತಿಗೆ ಮುಟ್ಟಿದ್ರೆ ಕೆಂಡದಂಗೆ ಸುಡ್ತಿತ್ತು ಕಣೋ. ಮಿಷಿನ್ನು ಇಳಿದೈತೆ ಅಂತು, ನೀನೂ ಸದ್ಯ ಅಂದೆ. ನನ್ನ ಕೈಗೇ ಏನೋ ಆಗೈತೆ ಅಂದ್ಕೊಂಡೆ."

ಈಗ ಆ ಥರ್ಮಾಮೀಟರಿನ ಡಬ್ಬಿಗೆ ಚೀಟಿ ಅಂಟಿಸಿದ್ದಾಳೆ. 37ರ ಎದುರು 98.6, 38ರ ಎದುರು 100.4, 39ರ ಎದುರು 102.2. ಮೊನ್ನೆ ಹೋದಾಗ ನೋಡಿದೆ: ಹುಡುಗ ಸೀನಿದ, ಅಕ್ಕನ ಕೈ ಮೊದಲು ಹೋದದ್ದು ಅವನ ಕುತ್ತಿಗೆಗೆ.